ಹಕ್ಕಿಗಳು ಏಕೆ ಹಾಡಲಿಲ್ಲ?

ಪೆರ್ಲ ಪೇಟೆಯಿಂದ ಸ್ವರ್ಗಕ್ಕೆ ಹೆಚ್ಚು ದೂರವಿಲ್ಲ. ಈ ಮಾತನ್ನು ಕೇಳಿದರೆ ಪರವೂರಿನವರು ನಗುತ್ತಾರೆ. ಸ್ವರ್ಗ ಎಂಬುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿರುವ ಒಂದು ಊರಿನ ಹೆಸರು. ಅಲ್ಲಿ ಗುಡ್ಡೆಗಳಿವೆ. ಗುಡ್ಡೆಯ ಬುಡದಲ್ಲಿ ಅಡಿಕೆ ತೋಟಗಳಿವೆ. ತೋಟದ ಬದಿಯಲ್ಲಿ ತೋಡು ಹರಿಯುತ್ತದೆ. ಗುಡ್ಡೆಯ ಹೊಟ್ಟೆಯನ್ನು ಕೊರೆದು ಮಾಡಿದ ಸುರಂಗಗಳಿಂದ ತಣ್ಣಗಿನ ನೀರು ಬರುತ್ತದೆ. ಊರಿಗೆ ಸ್ವರ್ಗವೆಂದು ಹೆಸರಿಟ್ಟವರು ಇದನ್ನೆಲ್ಲ ಕಂಡೇ ಇಟ್ಟಿರಬೇಕು.

ಗುಡ್ಡೆಗಳ ಮೇಲೆ ಗೇರು ತೋಟಗಳಿದ್ದವು. ಅನೇಕ ವರ್ಷಗಳ ಕಾಲ ಆ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಾಡುತ್ತಿತ್ತು. ಅದು ಬಂದ ಸದ್ದು ಕೇಳಿದರೆ ಸಾಕು, ಮಕ್ಕಳು ಅಂಗಳಕ್ಕೆ ಓಡಿ ಬಂದು ಕತ್ತೆತ್ತಿ ನೋಡುತ್ತಿದ್ದರು. ಹೆಲಿಕಾಪ್ಟರಿನಿಂದ ಮಂಜಿನಂತೆ ಏನೋ ಉದುರುತ್ತಿತ್ತು. ಅದು ಮಂಜಾಗಿರಲಿಲ್ಲ. ಎಂಡೋಸಲ್ಫಾನ್ ಎಂಬ ವಿಷವಾಗಿತ್ತು.

ಇಂತಹ ವಿಷಗಳ ಕುರಿತು ಲೋಕಕ್ಕೆ ಬಹಳ ಮೊದಲೇ ಎಚ್ಚರಿಕೆ ಹೇಳಿದ ಒಬ್ಬ ಮಹಿಳೆ ಇದ್ದರು. ಅವರು ಅಮೇರಿಕದವರು. ನಮ್ಮೂರಿನ ಮೇಲೆ ಹೆಲಿಕಾಪ್ಟರ್ ಹಾರುವುದಕ್ಕಿಂತ ಹಲವು ವರ್ಷ ಮೊದಲೇ, 1964ರಲ್ಲಿ, ಅವರು ತೀರಿಕೊಂಡಿದ್ದರು. ಪೆರ್ಲ, ಪಡ್ರೆ ಎಂಬ ಹೆಸರುಗಳನ್ನು ಅವರು ಕೇಳಿರಲಾರರು. ಆದರೂ ಅವರ ಬದುಕಿನ ಕಥೆ ನಮ್ಮ ಊರಿನ ಕಥೆಗೆ ತೀರ ಹತ್ತಿರದ್ದು. ಅವರ ಹೆಸರು ರೇಚೆಲ್ ಕಾರ್ಸನ್.

ರೇಚೆಲ್ ಹುಟ್ಟಿದ್ದು 1907ನೆಯ ಇಸವಿ ಮೇ 27ರಂದು. ಅಮೇರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಅವಳ ಊರು. ತಂದೆ ರಾಬರ್ಟ್, ತಾಯಿ ಮರಿಯಾ. ಮನೆಯಲ್ಲಿ ಒಬ್ಬ ಅಕ್ಕ, ಒಬ್ಬ ಅಣ್ಣ. ರೇಚೆಲ್ ಕೊನೆಯವಳು. ಅವರಿಗೆ ಸುಮಾರು 65 ಎಕರೆ ಭೂಮಿ ಇತ್ತು. ಆದರೆ ಕೈಯಲ್ಲಿ ಹಣವಿರಲಿಲ್ಲ. ಸಣ್ಣ ಮನೆ. ಮನೆಯೊಳಗೆ ನಳ್ಳಿ ನೀರಿನ ಸೌಕರ್ಯವೂ ಇರಲಿಲ್ಲ.

ತಾಯಿ ಮರಿಯಾ ಮದುವೆಗೆ ಮೊದಲು ಅಧ್ಯಾಪಿಕೆಯಾಗಿದ್ದವರು. ಅವರು ಮಗಳನ್ನು ಕರೆದುಕೊಂಡು ಹೊಲ, ಕಾಡು, ತೋಡುಗಳ ಬಳಿ ಸುತ್ತಾಡುತ್ತಿದ್ದರು. ಇದು ಯಾವ ಹಕ್ಕಿಯ ಕೂಗು, ಇದು ಯಾವ ಹೂವು, ಈ ಹುಳು ಎಲ್ಲಿ ಮೊಟ್ಟೆ ಇಡುತ್ತದೆ ಎಂದು ತಾಯಿ ಮಗಳು ಕೂಡಿಯೇ ಹುಡುಕುತ್ತಿದ್ದರು. ಮನೆಯೊಳಗೆ ಹುಳು ಬಂದರೆ ಮರಿಯಾ ಅದನ್ನು ಕೊಲ್ಲುತ್ತಿರಲಿಲ್ಲ. ಮೆಲ್ಲನೆ ಹಿಡಿದು ಹೊರಗೆ ಬಿಡುತ್ತಿದ್ದರು. ನೋಡುವುದು, ಕೇಳುವುದು, ನೆನಪಿಡುವುದು ರೇಚೆಲ್ ಕಲಿತ ಮೊದಲ ಪಾಠವಾಗಿತ್ತು.

ಎರಡನೆಯ ಪಾಠ ಬರವಣಿಗೆ. ಆಗ ಸೈಂಟ್ ನಿಕೊಲಸ್ ಎಂಬ ಮಕ್ಕಳ ಪತ್ರಿಕೆ ಇತ್ತು. ಮಕ್ಕಳು ಬರೆದ ಕಥೆಗಳನ್ನೂ ಅದು ಪ್ರಕಟಿಸುತ್ತಿತ್ತು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಅಣ್ಣ ಸೇನೆಯಿಂದ ಬರೆದ ಪತ್ರವನ್ನು ಓದಿ, ರೇಚೆಲ್ ಒಬ್ಬ ವಿಮಾನ ಚಾಲಕನ ಕುರಿತು ಕಥೆ ಬರೆದಳು. 1918ರಲ್ಲಿ ಅದು ಅಚ್ಚಾಯಿತು. ಬೆಳ್ಳಿಯ ಪದಕವೂ ಸಿಕ್ಕಿತು. ಆಗ ಅವಳಿಗೆ 11 ವರ್ಷ. ದೊಡ್ಡವಳಾದ ಮೇಲೆ ಲೇಖಕಿಯಾಗುತ್ತೇನೆ ಎಂದು ಅವಳು ಅಂದೇ ತೀರ್ಮಾನಿಸಿದಳು.

1925ರಲ್ಲಿ ರೇಚೆಲ್ ಪಿಟ್ಸ್‌ಬರ್ಗ್ ನಗರದ ಮಹಿಳಾ ಕಾಲೇಜಿಗೆ ಸೇರಿದಳು. ಫೀಸು ಕಟ್ಟುವುದು ಸುಲಭವಾಗಿರಲಿಲ್ಲ. ತಾಯಿ ಸೇಬು ಮಾರಿದರು. ಕೋಳಿಗಳನ್ನು ಮಾರಿದರು. ಮಕ್ಕಳಿಗೆ ಪಿಯಾನೊ ಪಾಠ ಹೇಳಿಕೊಟ್ಟರು. ಮನೆಯಲ್ಲಿದ್ದ ಒಳ್ಳೆಯ ಪಿಂಗಾಣಿ ಪಾತ್ರೆಗಳನ್ನೂ ಮಾರಿದರು.

ಲೇಖಕಿಯಾಗಬೇಕೆಂದು ರೇಚೆಲ್ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡಿದ್ದಳು. ಆದರೆ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಿಕೆಯ ಜೀವಶಾಸ್ತ್ರದ ತರಗತಿ ಅವಳ ಮನಸ್ಸನ್ನು ಸೆಳೆಯಿತು. ಸಾಹಿತ್ಯವನ್ನು ಬಿಟ್ಟು ಜೀವಶಾಸ್ತ್ರಕ್ಕೆ ಬಂದಳು. ವಿಜ್ಞಾನ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ ಎಂದು ಅನೇಕರು ನಂಬಿದ್ದ ಕಾಲವದು. ಲೇಖಕಿಯಾಗುವ ಆಸೆ ಇನ್ನು ಮುಗಿಯಿತು ಎಂದು ಅವಳಿಗೂ ಅನಿಸಿತ್ತು. ಆದರೆ ತಾನು ಬರೆಯಬೇಕಾದ ವಿಷಯವನ್ನೇ ವಿಜ್ಞಾನ ತನಗೆ ಕೊಟ್ಟಿತೆಂದು ಅವಳಿಗೆ ಮುಂದೆ ತಿಳಿಯಿತು.

ಕಾಸರಗೋಡಿನ ಮಕ್ಕಳಿಗೆ ಕಡಲು ಹೊಸತಲ್ಲ. ರೇಚೆಲ್ ಮಾತ್ರ 22 ವರ್ಷವಾಗುವ ತನಕ ಕಡಲನ್ನು ಕಂಡಿರಲಿಲ್ಲ. ಪುಸ್ತಕದಲ್ಲಿ ಓದಿ ಕನಸು ಕಂಡಿದ್ದಳು ಅಷ್ಟೆ. 1929ರಲ್ಲಿ ಪದವಿ ಮುಗಿಸಿ, ಆ ಬೇಸಿಗೆಯಲ್ಲಿ ವುಡ್ಸ್ ಹೋಲ್ ಎಂಬಲ್ಲಿನ ಸಮುದ್ರ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಹೋದಾಗ ಮೊದಲ ಬಾರಿ ಕಡಲನ್ನು ನೋಡಿದಳು. ಆ ಪ್ರೀತಿ ಬದುಕಿನ ಕೊನೆಯ ತನಕ ಉಳಿಯಿತು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

1935ರಲ್ಲಿ ತಂದೆ ತೀರಿಕೊಂಡರು. ಮನೆಯ ಹೊರೆ ರೇಚೆಲ್ ಅವರ ಹೆಗಲಿಗೆ ಬಿತ್ತು. ಅವರು ಕೆಲಸ ಹುಡುಕಿದರು. ಸರಕಾರದ ಮೀನುಗಾರಿಕಾ ಇಲಾಖೆಗೆ ಮೀನುಗಳ ಬಗ್ಗೆ ರೇಡಿಯೊ ಕಾರ್ಯಕ್ರಮಗಳನ್ನು ಬರೆದುಕೊಡುವವರು ಬೇಕಾಗಿತ್ತು. ವಿಜ್ಞಾನ ಬಲ್ಲವರಿಗೆ ಸರಳವಾಗಿ ಬರೆಯಲು ಬರುತ್ತಿರಲಿಲ್ಲ. ಬರೆಯಬಲ್ಲವರಿಗೆ ವಿಜ್ಞಾನ ತಿಳಿದಿರಲಿಲ್ಲ. ರೇಚೆಲ್ ಅವರಿಗೆ ಎರಡೂ ಬರುತ್ತಿತ್ತು. ಮರುವರ್ಷ ಅದೇ ಇಲಾಖೆಯಲ್ಲಿ ಅವರಿಗೆ ಖಾಯಂ ಕೆಲಸ ಸಿಕ್ಕಿತು. 1937ರಲ್ಲಿ ಅಕ್ಕ ತೀರಿಕೊಂಡಾಗ ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ರೇಚೆಲ್ ಮತ್ತು ತಾಯಿ ಸೇರಿ ಸಾಕಿದರು.

ಹಗಲು ಕಚೇರಿ, ರಾತ್ರಿ ಬರವಣಿಗೆ. ಹೀಗೆ ವರ್ಷಗಳು ಉರುಳಿದವು. 1941ರಲ್ಲಿ ಬಂದ ಮೊದಲ ಪುಸ್ತಕ ಹೆಚ್ಚು ಮಾರಾಟವಾಗಲಿಲ್ಲ. ಆದರೆ 1951ರಲ್ಲಿ ಕಡಲಿನ ಕುರಿತು ಬರೆದ ಎರಡನೆಯ ಪುಸ್ತಕವನ್ನು ಜನ ಮುಗಿಬಿದ್ದು ಕೊಂಡರು. ಅದಕ್ಕೆ ದೊಡ್ಡ ಪ್ರಶಸ್ತಿಯೂ ಬಂತು. 1952ರಲ್ಲಿ ರೇಚೆಲ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ಣಾವಧಿ ಲೇಖಕಿಯಾದರು. ಕಡಲ ದಡದಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿಕೊಂಡರು. ಇನ್ನು ನೆಮ್ಮದಿಯಿಂದ ಬರೆದುಕೊಂಡು ಇರಬಹುದಾಗಿತ್ತು. ಆದರೆ ಹಾಗಾಗಲಿಲ್ಲ.

ಇಲ್ಲಿ ನಾವು ಡಿಡಿಟಿಯ ಬಗ್ಗೆ ತಿಳಿದುಕೊಳ್ಳಬೇಕು. ಡಿಡಿಟಿ ಒಂದು ರಾಸಾಯನಿಕ. ಅದು ಕೀಟಗಳನ್ನು ಕೊಲ್ಲುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಎಂಬ ವಿಜ್ಞಾನಿ 1939ರಲ್ಲಿ ಕಂಡುಹಿಡಿದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಹೇನು ಮತ್ತು ಸೊಳ್ಳೆಗಳಿಂದ ಹರಡುವ ರೋಗಗಳನ್ನು ತಡೆಯಲು ಅದು ಸಹಾಯ ಮಾಡಿತು. ಬಹಳ ಜನರ ಜೀವ ಉಳಿಯಿತು. 1948ರಲ್ಲಿ ಮುಲ್ಲರ್ ಅವರಿಗೆ ನೊಬೆಲ್ ಬಹುಮಾನ ದೊರೆಯಿತು.

ಯುದ್ಧ ಮುಗಿಯಿತು. ಕಾರ್ಖಾನೆಗಳಲ್ಲಿ ಡಿಡಿಟಿ ರಾಶಿ ಬಿದ್ದಿತ್ತು. ಅದನ್ನು ಹೊಲಕ್ಕೆ ಹಾಕಿದರು, ತೋಟಕ್ಕೆ ಹಾಕಿದರು, ಕೆರೆಗೆ ಹಾಕಿದರು. ವಿಮಾನದಿಂದ ಕಾಡಿನ ಮೇಲೆ ಸುರಿದರು. ಬೀದಿಗಳಲ್ಲಿ ಲಾರಿಯಿಂದ ಹೊಗೆಯಂತೆ ಬಿಟ್ಟರು. ಮಕ್ಕಳು ಆ ಹೊಗೆಯೊಳಗೆ ಕುಣಿಯುತ್ತ ಲಾರಿಯ ಹಿಂದೆ ಓಡುತ್ತಿದ್ದರು. ಯಾರೂ ತಡೆಯಲಿಲ್ಲ. ಹುಳವನ್ನು ಕೊಲ್ಲುವ ಮದ್ದು ಮನುಷ್ಯರಿಗೆ ಏನು ಮಾಡೀತು ಎಂಬುದೇ ಎಲ್ಲರ ಧೈರ್ಯ.

ರೇಚೆಲ್ ಅವರಿಗೆ ಆ ಧೈರ್ಯವಿರಲಿಲ್ಲ. 1945ರಲ್ಲಿಯೇ ಡಿಡಿಟಿಯ ಅಪಾಯದ ಬಗ್ಗೆ ಲೇಖನ ಬರೆಯುತ್ತೇನೆಂದು ಒಂದು ದೊಡ್ಡ ಪತ್ರಿಕೆಗೆ ತಿಳಿಸಿದ್ದರು. ಪತ್ರಿಕೆ ಬೇಡವೆಂದಿತ್ತು. ಮುಂದೆ 1958ರಲ್ಲಿ ಓಲ್ಗಾ ಹಕಿನ್ಸ್ ಎಂಬ ಗೆಳತಿಯ ಪತ್ರ ಬಂತು. ಸೊಳ್ಳೆ ಕೊಲ್ಲಲೆಂದು ಅವರ ಊರಿನ ಮೇಲೆ ವಿಮಾನದಿಂದ ಡಿಡಿಟಿ ಸುರಿದಿದ್ದರು. ಮರುದಿನದಿಂದ ಅಂಗಳದಲ್ಲಿ ಹಾಡುಹಕ್ಕಿಗಳು ಸತ್ತು ಬಿದ್ದಿದ್ದವು. ಕೊಕ್ಕು ತೆರೆದೇ ಇತ್ತು. ಕಾಲುಗಳು ಎದೆಗೆ ಮುದುಡಿಕೊಂಡಿದ್ದವು.

ಬೇರೆ ಯಾರಾದರೂ ಇದನ್ನು ಬರೆಯಲಿ ಎಂದು ರೇಚೆಲ್ ಮೊದಲು ಯೋಚಿಸಿದರು. ಬರೆಯುವವರು ಸಿಗಲಿಲ್ಲ. ಕೊನೆಗೆ ತಾವೇ ಬರೆಯಲು ಕುಳಿತರು. ಆದರೆ ಕೋಪದಿಂದ ಬರೆಯಲಿಲ್ಲ. ಸಾಕ್ಷಿಗಳನ್ನು ಕೂಡಿಸಿದರು. ವೈದ್ಯರಿಗೆ, ವಿಜ್ಞಾನಿಗಳಿಗೆ, ಅಧಿಕಾರಿಗಳಿಗೆ ಪತ್ರ ಬರೆದರು. ನೂರಾರು ವರದಿಗಳನ್ನು ಓದಿದರು. ಈ ಕೆಲಸಕ್ಕೆ ನಾಲ್ಕು ವರ್ಷ ಹಿಡಿಯಿತು.

ಅವರಿಗೆ ಸಿಕ್ಕಿದ ಸಾಕ್ಷಿಗಳಲ್ಲಿ ಒಂದು ರಾಬಿನ್ ಹಕ್ಕಿಯದು. ನಮ್ಮ ಅಂಗಳದ ಮಡಿವಾಳ ಹಕ್ಕಿಯಂತೆ ಅಮೇರಿಕದವರಿಗೆ ರಾಬಿನ್ ಬಹಳ ಪರಿಚಿತ. ಮಿಶಿಗನ್ ರಾಜ್ಯದ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್ಮ್ ಮರಗಳಿಗೆ ರೋಗ ಬಂದಿತ್ತು. ರೋಗ ಹರಡುವ ದುಂಬಿಗಳನ್ನು ಕೊಲ್ಲಲು ಮರಗಳಿಗೆ ಡಿಡಿಟಿ ಸಿಂಪಡಿಸಿದರು. ಹಕ್ಕಿಗಳಿಗೆ ಯಾರೂ ವಿಷ ಹಾಕಿರಲಿಲ್ಲ. ಆದರೂ ರಾಬಿನ್‌ಗಳು ನಡುಗುತ್ತ ಬಿದ್ದು ಸಾಯತೊಡಗಿದವು.

ಏಕೆ? ವಿಷ ಎಲೆಗಳ ಮೇಲೆ ಉಳಿಯಿತು. ಎಲೆ ನೆಲಕ್ಕೆ ಉದುರಿ ಕೊಳೆಯಿತು. ಎರೆಹುಳು ಆ ಎಲೆಯನ್ನು ತಿಂದಿತು. ಎರೆಹುಳು ಸಾಯಲಿಲ್ಲ, ಆದರೆ ವಿಷ ಅದರ ಮೈಯಲ್ಲಿ ಕೂಡಿಕೊಂಡಿತು. ಮರುವರ್ಷ ವಸಂತಕಾಲದಲ್ಲಿ ಬಂದ ರಾಬಿನ್ ಅಂತಹ ಎರೆಹುಳುಗಳನ್ನು ಒಂದರ ಮೇಲೊಂದು ತಿಂದಿತು. ದುಂಬಿಗೆ ಇಟ್ಟ ಗುರಿ ಹಕ್ಕಿಗೆ ತಾಗಿತು.

ಇನ್ನೊಂದು ಸಾಕ್ಷಿ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದ್ದು. ಅಲ್ಲಿ ಸಣ್ಣ ನೊರಜುಗಳ ಕಾಟವಿತ್ತು. 1949ರಲ್ಲಿ ನೀರಿಗೆ ಡಿಡಿಟಿಯನ್ನು ಹೋಲುವ ಡಿಡಿಡಿ ಎಂಬ ವಿಷ ಹಾಕಿದರು. ಏಳು ಕೋಟಿ ಪಾಲು ನೀರಿಗೆ ಒಂದೇ ಪಾಲು ವಿಷ! ಮುಂದೆ ಮತ್ತೆ ಎರಡು ಬಾರಿ ಹಾಕಿದರು. ಇಷ್ಟು ಕಡಿಮೆ ವಿಷದಿಂದ ಏನೂ ಆಗದೆಂದು ಅವರು ಭಾವಿಸಿದ್ದರು. ಆದರೆ ನೀರಿನ ಸೂಕ್ಷ್ಮ ಜೀವಿಗಳಲ್ಲಿ ವಿಷ ಸ್ವಲ್ಪ ಹೆಚ್ಚಿತು. ಅವನ್ನು ತಿಂದ ಸಣ್ಣ ಮೀನಿನಲ್ಲಿ ಇನ್ನೂ ಹೆಚ್ಚಿತು. ಸಣ್ಣ ಮೀನನ್ನು ತಿಂದ ದೊಡ್ಡ ಮೀನಿನಲ್ಲಿ ಮತ್ತಷ್ಟು. ಕೊನೆಗೆ ಮೀನು ತಿನ್ನುವ ನೀರುಹಕ್ಕಿಗಳು ಗುಂಪುಗುಂಪಾಗಿ ಸತ್ತವು. ಆಹಾರ ಸರಪಳಿಯಲ್ಲಿ ಮೇಲೆ ಹೋದಂತೆ ವಿಷವೂ ಹೆಚ್ಚುತ್ತ ಹೋಗುತ್ತದೆ ಎಂಬುದನ್ನು ರೇಚೆಲ್ ಈ ಸರೋವರದ ಕಥೆಯಿಂದ ವಿವರಿಸಿದರು.

ಹಾಗಾದರೆ ಮನುಷ್ಯರ ಗತಿಯೇನು? ನಾವೂ ಆ ಸರಪಳಿಯಲ್ಲೇ ಇದ್ದೇವೆ. ಡಿಡಿಟಿಯಂತಹ ವಿಷಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕೊಬ್ಬಿನಲ್ಲಿ ಕರಗುತ್ತವೆ. ಆದುದರಿಂದ ದೇಹದ ಕೊಬ್ಬಿನಲ್ಲಿ ಅವು ವರ್ಷಗಟ್ಟಲೆ ಕುಳಿತುಕೊಳ್ಳುತ್ತವೆ. ತಾಯಿಯ ಹಾಲಿನ ಮೂಲಕ ಮಗುವಿಗೂ ಹೋಗುತ್ತವೆ. ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ನರಗಳು ಕೆಡುತ್ತವೆ, ಕೈಕಾಲು ನಡುಗುತ್ತದೆ, ಅಪಸ್ಮಾರ ಬರಬಹುದು. ಬೆಳೆಯುವ ವಯಸ್ಸಿನ ಮಕ್ಕಳ ದೇಹ ದೊಡ್ಡವರದಕ್ಕಿಂತ ಮೃದು. ವಿಷ ಅವರನ್ನು ಬೇಗ ತಾಗುತ್ತದೆ.

ಅದೇ ಕಾಲದಲ್ಲಿ ಅಮೇರಿಕದ ಮನೆಗಳಲ್ಲಿ ಇನ್ನೊಂದು ವಿಷವೂ ಇತ್ತು. ಅದು ಥಾಲಿಯಂ ಎಂಬ ಲೋಹದಿಂದ ಮಾಡಿದ ಇಲಿ ಪಾಷಾಣ. ಇಲಿಗೆಂದು ಮೂಲೆಯಲ್ಲಿ ಇಟ್ಟದ್ದನ್ನು ಅಂಬೆಗಾಲಿಡುವ ಮಕ್ಕಳು ಬಾಯಿಗೆ ಹಾಕಿಕೊಂಡ ಘಟನೆಗಳು ನಡೆದವು. ಥಾಲಿಯಂ ದೇಹಕ್ಕೆ ಹೋದರೆ ಮೊದಲು ಹೊಟ್ಟೆನೋವು. ಮುಂದೆ ಅಂಗಾಲು ಉರಿ, ಕೈಕಾಲು ಜೋಮು. ಎರಡು ಮೂರು ವಾರಗಳಲ್ಲಿ ತಲೆಕೂದಲು ಉದುರುತ್ತದೆ. ಪ್ರಾಣವೂ ಹೋಗಬಹುದು. 1965ರಲ್ಲಿ ಅಮೇರಿಕ ಸರಕಾರ ಮನೆಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ವಿಷವನ್ನು ಯಾರಿಗೆಂದು ಇಟ್ಟರೂ ಮೊದಲು ನೋಯುವವರು ಮಕ್ಕಳು.

ಕೀಟನಾಶಕ ಎಂಬ ಹೆಸರೇ ಸರಿಯಲ್ಲ ಎಂಬುದು ರೇಚೆಲ್ ಅವರ ಅಭಿಪ್ರಾಯವಾಗಿತ್ತು. ಅದು ಕೀಟವನ್ನು ಮಾತ್ರ ಹುಡುಕಿ ಕೊಲ್ಲುವುದಿಲ್ಲ. ತಾಗಿದ ಜೀವವನ್ನೆಲ್ಲ ನೋಯಿಸುತ್ತದೆ. ಆದುದರಿಂದ ಅದನ್ನು ಜೀವನಾಶಕ ಎನ್ನಬೇಕು ಎಂದು ಅವರು ಭಾವಿಸಿದ್ದರು. ನಮ್ಮ ಕಡೆಯಲ್ಲಿ ನಾವು ಅದನ್ನು ಮದ್ದು ಎಂದು ಕರೆಯುತ್ತೇವೆ. ಕಾಯಿಲೆ ವಾಸಿ ಮಾಡುವುದೂ ಮದ್ದು, ಗಿಡಕ್ಕೆ ಬಿಡುವುದೂ ಮದ್ದು! ಹೆಸರು ಒಂದೇ ಆದ ಮಾತ್ರಕ್ಕೆ ಗುಣ ಒಂದೇ ಆಗುವುದಿಲ್ಲ.

ರಾಸಾಯನಿಕಗಳನ್ನು ಮುಟ್ಟಲೇಬಾರದು ಎಂದು ರೇಚೆಲ್ ಹೇಳಲಿಲ್ಲ. ರೋಗ ಹರಡುವ ಕೀಟಗಳನ್ನು ಹತೋಟಿಯಲ್ಲಿಡಬೇಕು ಎಂಬುದನ್ನೂ ಅವರು ಒಪ್ಪಿದ್ದರು. ಪರಿಣಾಮ ತಿಳಿಯದೆ, ಜನರಿಗೆ ತಿಳಿಸದೆ, ಎಲ್ಲೆಂದರಲ್ಲಿ ಸುರಿಯಬಾರದು ಎಂಬುದಷ್ಟೇ ಅವರ ವಾದ. ಕೀಟಗಳನ್ನು ತಿನ್ನುವ ಜೀವಿಗಳ ಸಹಾಯ ಪಡೆಯುವಂತಹ ಬೇರೆ ದಾರಿಗಳನ್ನು ಹುಡುಕಬೇಕೆಂದು ಅವರು ಬಯಸಿದ್ದರು.

ಆ ನಾಲ್ಕು ವರ್ಷಗಳು ಅವರ ಬದುಕಿನ ಬಹಳ ಕಷ್ಟದ ವರ್ಷಗಳು. 1957ರಲ್ಲಿ ಅಕ್ಕನ ಮಗಳೊಬ್ಬಳು ತೀರಿಕೊಂಡಿದ್ದಳು. ಅವಳ ಐದು ವರ್ಷದ ಮಗ ರೋಜರ್‌ನನ್ನು ರೇಚೆಲ್ ದತ್ತು ತೆಗೆದುಕೊಂಡು ಸಾಕುತ್ತಿದ್ದರು. 1958ರಲ್ಲಿ ತಾಯಿಯೂ ಹೋದರು. 1960ರಲ್ಲಿ ರೇಚೆಲ್ ಅವರಿಗೆ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಶಸ್ತ್ರಚಿಕಿತ್ಸೆಯಾಯಿತು. ನಡೆಯಲು ಕಷ್ಟವಾಯಿತು. ಕೆಲವು ವಾರ ಕಣ್ಣು ಊದಿ ಓದಲೂ ಆಗಲಿಲ್ಲ. ಆಗ ಸಹಾಯಕಿ ಬರೆದದ್ದನ್ನು ಓದಿ ಹೇಳುತ್ತಿದ್ದರು. ರೇಚೆಲ್ ಕೇಳಿ ತಿದ್ದುತ್ತಿದ್ದರು.

ತಮ್ಮ ಕಾಯಿಲೆಯ ಸಂಗತಿಯನ್ನು ಅವರು ಹೊರಗೆ ಹೇಳಲಿಲ್ಲ. ತಾನು ಕಾಯಿಲೆಯವಳು, ಅದಕ್ಕೇ ಹೀಗೆ ಬರೆದಳು ಎಂದು ಜನ ಪುಸ್ತಕವನ್ನು ತಳ್ಳಿಹಾಕಬಾರದು ಎಂಬುದು ಅವರ ಕಾಳಜಿಯಾಗಿತ್ತು.

1962ನೆಯ ಇಸವಿ ಸೆಪ್ಟೆಂಬರ್ 27ರಂದು ಪುಸ್ತಕ ಹೊರಬಂತು. ಅದರ ಹೆಸರಿಗೆ ಕನ್ನಡದಲ್ಲಿ ಮೌನ ವಸಂತ ಎಂದು ಅರ್ಥ ಹೇಳಬಹುದು. ವಸಂತ ಬಂದಿದೆ, ಆದರೆ ಹಾಡಲು ಹಕ್ಕಿಗಳೇ ಇಲ್ಲದ ಒಂದು ಊರನ್ನು ಕಲ್ಪಿಸಿಕೊಂಡು ಅವರು ಪುಸ್ತಕವನ್ನು ಆರಂಭಿಸಿದ್ದರು.

ಪುಸ್ತಕ ಬಂದದ್ದೇ ತಡ, ವಿಷ ತಯಾರಿಸುವ ಕಂಪೆನಿಗಳು ಸಿಡಿದೆದ್ದವು. ಅವರ ವಿರುದ್ಧ ಪ್ರಚಾರಕ್ಕೆ ಬಹಳ ಹಣ ಸುರಿದವು. ಈಕೆಗೆ ವಿಜ್ಞಾನ ಗೊತ್ತಿಲ್ಲ, ಹೆಂಗಸಿನ ಭಯ ಇದು ಎಂದು ಕೆಲವರು ಗೇಲಿ ಮಾಡಿದರು. ರೇಚೆಲ್ ಯಾರನ್ನೂ ಬಯ್ಯಲಿಲ್ಲ. 1963ರ ಏಪ್ರಿಲ್ ತಿಂಗಳಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಮೆಲುದನಿಯಲ್ಲಿ, ಒಂದೊಂದೇ ಸಂಗತಿಯನ್ನು ವಿವರಿಸಿದರು. ಲಕ್ಷಾಂತರ ಜನ ನೋಡಿದರು. ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರ ವಿಜ್ಞಾನ ಸಲಹಾ ಸಮಿತಿ ಈ ವಿಷಯವನ್ನು ಪರಿಶೀಲಿಸಿತು. ಮೇ ತಿಂಗಳಲ್ಲಿ ಬಂದ ಅದರ ವರದಿ ರೇಚೆಲ್ ಅವರ ಎಚ್ಚರಿಕೆಯನ್ನು ಎತ್ತಿ ಹಿಡಿಯಿತು. ಜೂನ್ ತಿಂಗಳಲ್ಲಿ ಸಂಸತ್ತಿನ ಸಮಿತಿಯ ಮುಂದೆ ಅವರು ಹೇಳಿಕೆ ನೀಡಿದರು. ಆಗ ಅವರ ದೇಹ ತೀರ ಸೋತಿತ್ತು.

1964ನೆಯ ಇಸವಿ ಏಪ್ರಿಲ್ 14ರಂದು ರೇಚೆಲ್ ಕಾರ್ಸನ್ ತೀರಿಕೊಂಡರು. ಅವರಿಗೆ 56 ವರ್ಷವಾಗಿತ್ತು. ಅವರ ಶ್ರಮದ ಫಲವನ್ನು ಅವರು ಕಣ್ಣಾರೆ ಕಾಣಲಿಲ್ಲ. 1970ರಲ್ಲಿ ಅಮೇರಿಕದಲ್ಲಿ ಪರಿಸರ ಸಂರಕ್ಷಣೆಗಾಗಿಯೇ ಒಂದು ಸಂಸ್ಥೆ ಹುಟ್ಟಿತು. 1972ರಲ್ಲಿ ಆ ದೇಶ ಬೆಳೆಗಳಿಗೆ ಡಿಡಿಟಿ ಹಾಕುವುದನ್ನು ನಿಷೇಧಿಸಿತು. 1980ರಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವ ಅವರಿಗೆ ಮರಣೋತ್ತರವಾಗಿ ದೊರೆಯಿತು. ಡಿಡಿಟಿಯಿಂದಾಗಿ ಮೊಟ್ಟೆಯ ಚಿಪ್ಪು ತೆಳುವಾಗಿ ಬೋಳುತಲೆಯ ಹದ್ದುಗಳು ಅಳಿವಿನ ಅಂಚಿಗೆ ತಲುಪಿದ್ದವು. ನಿಷೇಧದ ಬಳಿಕ ಅವು ಮತ್ತೆ ಹೆಚ್ಚಿದವು. 2007ರಲ್ಲಿ ಅಳಿವಿನ ಭಯವಿರುವ ಜೀವಿಗಳ ಪಟ್ಟಿಯಿಂದ ಅವುಗಳ ಹೆಸರನ್ನು ತೆಗೆದರು.

ಈಗ ನಮ್ಮ ಪಡ್ರೆಗೆ ಮರಳಿ ಬರೋಣ.

ಗೇರು ಮರದ ಚಿಗುರಿನ ರಸ ಹೀರುವ ಒಂದು ಕೀಟವಿದೆ. ಅದನ್ನು ಟೀ ಸೊಳ್ಳೆ ಎನ್ನುತ್ತಾರೆ. ಅದು ತಾಗಿದರೆ ಚಿಗುರೂ ಹೂವೂ ಕರಟಿ ಹೋಗುತ್ತದೆ. ಈ ಕೀಟವನ್ನು ಕೊಲ್ಲಲು ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. 1970ರ ದಶಕದ ಕೊನೆಯಿಂದ 2000ದ ತನಕ ಇದು ನಡೆಯಿತು. ಎಂಡೋಸಲ್ಫಾನ್ ಕೂಡ ಡಿಡಿಟಿಯ ಬಳಗಕ್ಕೇ ಸೇರಿದ ವಿಷ. ರೇಚೆಲ್ ಅವರ ಪುಸ್ತಕ ಹೊರಬಂದು ಆಗಲೇ ಹದಿನೈದು ವರ್ಷದಷ್ಟು ಕಳೆದಿತ್ತು. ಎಚ್ಚರಿಕೆಯ ಮಾತು ಲೋಕದಲ್ಲಿತ್ತು. ನಮ್ಮ ಗುಡ್ಡೆಗೆ ಅದು ತಲುಪಿರಲಿಲ್ಲ.

ಗಾಳಿಗೆ ತೋಟದ ಬೇಲಿ ತಿಳಿಯುವುದಿಲ್ಲ. ಗೇರು ಮರಕ್ಕೆ ಬಿಟ್ಟ ವಿಷ ಮನೆಗಳ ಮೇಲೂ ಬಿತ್ತು. ಮಳೆ ಬಂದಾಗ ಗುಡ್ಡೆಯ ನೀರಿನೊಂದಿಗೆ ಕೆಳಗಿಳಿದು ತೋಡಿಗೆ ಸೇರಿತು. ಸುರಂಗದ ನೀರನ್ನು, ಹರಿಯುವ ತೋಡನ್ನು ಮುಚ್ಚಿಡಲು ಯಾರಿಂದ ಸಾಧ್ಯ? ಜೇನುನೊಣಗಳು ಕಾಣದಾದವು. ತೋಡಿನಲ್ಲಿ ಮೀನು, ಕಪ್ಪೆಗಳು ಸತ್ತವು. ದನಗಳು ಅಂಗವಿಕಲ ಕರುಗಳನ್ನು ಹಾಕಿದವು. ಮನುಷ್ಯರ ಮನೆಗಳಲ್ಲೂ ನೋವು ತುಂಬಿತು. ಅಪಸ್ಮಾರ, ಬುದ್ಧಿಯ ಬೆಳವಣಿಗೆಯ ಕೊರತೆ, ಅಂಗವೈಕಲ್ಯ, ಕ್ಯಾನ್ಸರ್ ಮೊದಲಾದವುಗಳಿಂದ ನರಳುವವರು ಹೆಚ್ಚಿದರು. ನಮ್ಮ ಹಣೆಬರಹ ಎಂದು ಅನೇಕರು ಸುಮ್ಮನಿದ್ದರು.

ಆದರೆ ಏಕೆ ಎಂದು ಕೇಳಿದವರೂ ಇದ್ದರು. ಪತ್ರಕರ್ತ ಶ್ರೀಪಡ್ರೆಯವರು ಕರುಗಳ ವೈಕಲ್ಯವನ್ನು ಕಂಡು ಮೊದಲ ವರ್ಷಗಳಲ್ಲೇ ಪತ್ರಿಕೆಯಲ್ಲಿ ಬರೆದರು. ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನ್ ಕುಮಾರ್ ಅವರು ತಮ್ಮ ಬಳಿ ಬರುವ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಮತ್ತೆ ಮತ್ತೆ ಕಾಣಿಸುವುದನ್ನು ಗಮನಿಸಿದರು. ಒಬ್ಬೊಬ್ಬರ ವಿವರವನ್ನೂ ಬರೆದಿಟ್ಟರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಬಾಗಿಲು ತಟ್ಟಿದರು. 2000ದಲ್ಲಿ ಹೊಸದುರ್ಗದ ನ್ಯಾಯಾಲಯದ ಆದೇಶದಿಂದ ಹೆಲಿಕಾಪ್ಟರ್ ಸಿಂಪರಣೆ ನಿಂತಿತು.

2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು ಮತ್ತು ಜನರ ರಕ್ತವನ್ನು ಪರೀಕ್ಷಿಸಿತು. ಎಂಡೋಸಲ್ಫಾನ್ ಪತ್ತೆಯಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇಲ್ಲಿನ ಶಾಲಾ ಮಕ್ಕಳನ್ನು, ವಿಷ ಸಿಂಪಡಿಸದ ಬೇರೊಂದು ಕಡೆಯ ಮಕ್ಕಳೊಂದಿಗೆ ಹೋಲಿಸಿ ನೋಡಿತು. ಇಲ್ಲಿನ ಮಕ್ಕಳಲ್ಲಿ ಕಲಿಕೆಯ ಮತ್ತು ಬೆಳವಣಿಗೆಯ ತೊಂದರೆಗಳು ಹೆಚ್ಚಾಗಿ ಕಂಡುಬಂದವು. ಇದನ್ನು ಒಪ್ಪದ ವರದಿಗಳೂ ಬಂದವು. ವಾದ ವಿವಾದಗಳು ನಡೆದವು. ರೇಚೆಲ್ ಅವರ ಕಾಲದಲ್ಲಿ ನಡೆದಂತೆಯೇ.

ಕೊನೆಗೆ 2011ರ ಏಪ್ರಿಲ್ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ಹಲವು ರಾಷ್ಟ್ರಗಳ ಸಭೆ ಎಂಡೋಸಲ್ಫಾನನ್ನು ಲೋಕದಿಂದಲೇ ತೊಲಗಿಸಲು ತೀರ್ಮಾನಿಸಿತು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಬಾಧಿತರಿಗೆ ಐದು ಲಕ್ಷ ರೂಪಾಯಿಯಂತೆ ಪರಿಹಾರ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಹಣದಿಂದ ಹೋದ ಆರೋಗ್ಯ ಮರಳಿ ಬಾರದು. ಆದರೆ ತಪ್ಪು ನಡೆದಿದೆ ಎಂಬುದನ್ನು ಒಪ್ಪಿಕೊಂಡಂತಾಯಿತು.

ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡಿದ ಮಕ್ಕಳದ್ದು ಏನೂ ತಪ್ಪಿರಲಿಲ್ಲ. ಲಾರಿಯ ಹೊಗೆಯಲ್ಲಿ ಕುಣಿದ ಅಮೇರಿಕದ ಮಕ್ಕಳದ್ದೂ ತಪ್ಪಿರಲಿಲ್ಲ. ಅದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಿಮಗೆ ಈಗ ತಿಳಿದಿದೆ. ತೋಟಕ್ಕೆ ಮದ್ದು ಬಿಡುವಾಗ ಹತ್ತಿರ ಹೋಗಬೇಡಿರಿ. ವಿಷದ ಖಾಲಿ ಡಬ್ಬಿಯನ್ನು ಆಟಕ್ಕಾಗಲಿ ನೀರು ತುಂಬಲಿಕ್ಕಾಗಲಿ ತೆಗೆದುಕೊಳ್ಳಬೇಡಿರಿ. ಇಲಿ ಪಾಷಾಣ ಮನೆಯಲ್ಲಿದ್ದರೆ ಪುಟ್ಟ ತಮ್ಮ ತಂಗಿಯರ ಕೈಗೆ ಸಿಗದಂತೆ ಇಡಲು ದೊಡ್ಡವರಿಗೆ ನೆನಪಿಸಿರಿ. ತರಕಾರಿ, ಹಣ್ಣುಗಳನ್ನು ಚೆನ್ನಾಗಿ ತೊಳೆದು ತಿನ್ನಿರಿ.

ನಾಳೆ ಬೆಳಗ್ಗೆ ಎದ್ದಾಗ ಒಂದು ನಿಮಿಷ ಅಂಗಳದಲ್ಲಿ ನಿಂತು ಕಿವಿಗೊಡಿರಿ. ಮಡಿವಾಳ ಹಕ್ಕಿ ಸಿಳ್ಳು ಹಾಕುತ್ತಿದೆಯೇ? ತೋಡಿನ ಬದಿಯಲ್ಲಿ ಕಪ್ಪೆ ಕೂಗುತ್ತಿದೆಯೇ? ಕೇಳಿಸಿದ್ದನ್ನು ಬರೆದಿಡಿರಿ. ಎಂದಾದರೂ ಒಂದು ದಿನ ಕೇಳಿಸದಿದ್ದರೆ, ಏಕೆ ಎಂದು ಕೇಳಿರಿ. ರೇಚೆಲ್ ಕಾರ್ಸನ್ ಮಾಡಿದ್ದೂ ಅದನ್ನೇ.

ಪದಗಳ ಅರ್ಥ

ತೋಡು – ಸಣ್ಣ ಹೊಳೆ
ಸುರಂಗ – ನೀರಿಗಾಗಿ ಗುಡ್ಡೆಯನ್ನು ಅಡ್ಡಲಾಗಿ ಕೊರೆದ ದಾರಿ
ನೊರಜು – ಸೊಳ್ಳೆಯಂತಹ ಬಹಳ ಸಣ್ಣ ಕೀಟ
ಪಾಷಾಣ – ವಿಷ
ಅಪಸ್ಮಾರ – ಮೂರ್ಛೆ ರೋಗ
ಮರಣೋತ್ತರ – ಸತ್ತ ಬಳಿಕದ

ಉತ್ತರಿಸೋಣ

1. ರೇಚೆಲ್ ಅವರ ಬಾಲ್ಯದಲ್ಲಿ ತಾಯಿ ಅವರಿಗೆ ಏನನ್ನು ಕಲಿಸಿದರು?
2. ಎಲ್ಮ್ ಮರಕ್ಕೆ ಹಾಕಿದ ವಿಷ ರಾಬಿನ್ ಹಕ್ಕಿಯನ್ನು ಹೇಗೆ ತಲುಪಿತು? ಚಿತ್ರ ಬರೆದು ತೋರಿಸಿರಿ.
3. ರೇಚೆಲ್ ತಮ್ಮ ಕಾಯಿಲೆಯನ್ನು ಏಕೆ ಮುಚ್ಚಿಟ್ಟರು?
4. ಕ್ಲಿಯರ್ ಲೇಕ್ ಸರೋವರಕ್ಕೂ ಪಡ್ರೆಯ ತೋಡಿಗೂ ಇರುವ ಹೋಲಿಕೆ ಏನು?

ಚರ್ಚಿಸೋಣ

ಡಿಡಿಟಿ ಅನೇಕರ ಜೀವ ಉಳಿಸಿತು. ಅದೇ ಡಿಡಿಟಿ ಹಕ್ಕಿಗಳನ್ನು ಕೊಂದಿತು. ಒಂದೇ ವಸ್ತು ಎರಡನ್ನೂ ಮಾಡಿದ್ದು ಹೇಗೆ? ಗುಂಪಿನಲ್ಲಿ ಚರ್ಚಿಸಿ ಟಿಪ್ಪಣಿ ತಯಾರಿಸಿರಿ.

ಮಾಡೋಣ

ನಿಮ್ಮ ಮನೆಯ ಹಿರಿಯರೊಡನೆ ಮಾತನಾಡಿರಿ. ಅವರು ಚಿಕ್ಕವರಿದ್ದಾಗ ತೋಟದಲ್ಲಿ, ತೋಡಿನಲ್ಲಿ ಕಾಣುತ್ತಿದ್ದು ಈಗ ಕಾಣಿಸದಿರುವ ಹಕ್ಕಿ, ಮೀನು, ಕೀಟಗಳು ಯಾವುವು? ಪಟ್ಟಿ ಮಾಡಿ ತರಗತಿಯಲ್ಲಿ ಓದಿರಿ.